ಹತ್ತಿರದ ಊರು, ದೂರದ ದಾರಿ

ನಾವು ಹೆಣ್ಣುಮಕ್ಕಳು ದೂರವನ್ನು ಮೈಲಿಯಲ್ಲಿ ಅಳೆಯುವವರಲ್ಲ. ತವರಿಗೆ ಎಷ್ಟು ಹೊತ್ತಿನ ದಾರಿ, ಬೆಳಿಗ್ಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮುಟ್ಟುತ್ತೇವೆಯೇ ಎಂಬುದೇ ನಮ್ಮ ಲೆಕ್ಕ. ಆ ಲೆಕ್ಕವನ್ನು ಬದಲಿಸುವುದು ವಾಹನದ ವೇಗವೊಂದೇ ಅಲ್ಲ, ಚರಿತ್ರೆ ಕೂಡ.

ಸಮಾಜ ಪಾಠದಲ್ಲಿ ಭೂಪಟದ ಮೇಲೆ ದಾರವಿಟ್ಟು ದೂರ ಅಳೆಯುವುದನ್ನು ಮಕ್ಕಳಿಗೆ ಕಲಿಸುತ್ತೇನೆ. ಮುಂಬಯಿಯಿಂದ ಬೆಂಗಳೂರಿಗೆ ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 830 ಕಿಲೋಮೀಟರು. ದಾರವನ್ನು ವಾಯವ್ಯಕ್ಕೆ ತಿರುಗಿಸಿದರೆ ಸುಮಾರು 880 ಕಿಲೋಮೀಟರಿಗೆ ಕರಾಚಿ ಸಿಗುತ್ತದೆ. ದಿಲ್ಲಿಯೇ ಅದಕ್ಕಿಂತ ದೂರ! ಮಕ್ಕಳು ನಂಬದೆ ಇನ್ನೊಮ್ಮೆ ಅಳೆಯುತ್ತಾರೆ.

ಮುಂದೆ ಏರ್ ಇಂಡಿಯಾ ಆಗಿ ಬೆಳೆದ ಟಾಟಾ ಅಂಚೆ ವಿಮಾನ ಸೇವೆ ಶುರುವಾದದ್ದೇ ಈ ದಾರಿಯಲ್ಲಿ. 1932ರ ಅಕ್ಟೋಬರ್ 15ರ ಬೆಳಿಗ್ಗೆ 28 ವರ್ಷದ ಜೆ.ಆರ್.ಡಿ. ಟಾಟಾ ಒಂಟಿ ಎಂಜಿನ್ನಿನ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಟಪಾಲು ಹೇರಿಕೊಂಡು ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಇಳಿದು ಪೆಟ್ರೋಲು ತುಂಬಿಸಿಕೊಂಡು ಮಧ್ಯಾಹ್ನ ಮುಂಬಯಿಯ ಜುಹೂ ಮುಟ್ಟಿದರು. ಎಲ್ಲ ಸೇರಿ ಸುಮಾರು ಏಳು ಗಂಟೆ. ಅಲ್ಲಿಂದ ನೆವಿಲ್ ವಿನ್ಸೆಂಟ್ ಆ ಟಪಾಲನ್ನು ನಮ್ಮ ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಇನ್ನೊಂದು ಸೋಜಿಗ ನೋಡಿ: ಆಗ ಕರಾಚಿಯೂ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳೂ ಒಂದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಸಿಂಧ್ ಬೇರೆ ಪ್ರಾಂತ್ಯವಾದದ್ದು 1936ರಲ್ಲಿ.

1947ರಲ್ಲಿ ದೇಶವೇ ಒಡೆಯಿತು. ಆದರೂ ದಾರಿ ಪೂರ್ತಿ ಮುಚ್ಚಿರಲಿಲ್ಲ. 1982ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ಟಾಟಾ ಹಳೆಯ ನೆನಪಿಗೆಂದು ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಪುಟ್ಟ ವಿಮಾನ ಹಾರಿಸಿಕೊಂಡು ಬಂದರು. ಜೆಟ್ ವಿಮಾನಗಳು ಬಂದ ಮೇಲಂತೂ ಇದು ಒಂದೂವರೆ ಗಂಟೆಯ ಹಾದಿ. ಅಡುಗೆ ಮುಗಿಸಿ ಪಾತ್ರೆ ತೊಳೆದಿಡುವಷ್ಟು ಹೊತ್ತು.

2019ರಲ್ಲಿ ಎರಡು ದೇಶಗಳ ನಡುವಿನ ನೇರ ವಿಮಾನಗಳು ನಿಂತವು. 2025ರ ಏಪ್ರಿಲ್‌ನಲ್ಲಿ ಒಬ್ಬರ ವಿಮಾನಗಳಿಗೆ ಇನ್ನೊಬ್ಬರು ಆಕಾಶವನ್ನೇ ಮುಚ್ಚಿದರು. ದುಬೈ ಸುತ್ತಿ ಹೋಗುವುದಾದರೆ 880 ಕಿಲೋಮೀಟರಿನ ದಾರಿ 3,100 ಕಿಲೋಮೀಟರು ದಾಟುತ್ತದೆ. ನಡುವೆ ನಿಲ್ದಾಣದಲ್ಲಿ ಕಾಯುವ ಹೊತ್ತನ್ನೂ ಸೇರಿಸಿದರೆ ಟಾಟಾ ಅವರ ಏಳು ಗಂಟೆಯೇ ವಾಸಿ! ವಿಮಾನದ ವೇಗ ಎಷ್ಟೋ ಪಟ್ಟು ಹೆಚ್ಚಿತು, ಪಯಣದ ಹೊತ್ತು ಮಾತ್ರ ಹಿಂದಕ್ಕೆ ಸರಿಯಿತು. ದೇಶಕ್ಕೆ ಅದರ ಕಾರಣಗಳಿರುತ್ತವೆ, ನೋವುಗಳೂ ಇರುತ್ತವೆ. ಅವನ್ನು ನಾನು ಹಗುರ ಮಾಡಲಾರೆ. ಆದರೆ ಆ ಕಾರಣಗಳ ಭಾರ ಯಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಚರಿತ್ರೆಯ ಪಾಠದಲ್ಲಿ ಹೇಳಬೇಕಲ್ಲವೇ?

ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಬಟ್ಟೆ ಅಂಗಡಿಯ ಸಿಂಧಿ ಅಜ್ಜಿಯೊಬ್ಬರಿದ್ದರು. ದೇಶ ಒಡೆದ ವರ್ಷ ಕರಾಚಿಯಿಂದ ಹಡಗು ಹತ್ತಿ ಬಂದವರು. ಪಂಚಮಿಗೆ ನಾವೆಲ್ಲ ತವರಿನ ಮಾತಾಡುವಾಗ ಅವರು ನಗುತ್ತಿದ್ದರು. “ನನ್ನ ತವರು ಭಾಳ ದೂರ ಇಲ್ಲವ್ವ, ದಾರಿ ಇಲ್ಲ, ಅಷ್ಟ,” ಎನ್ನುತ್ತಿದ್ದರು.