ಗರಡಿ, ಜೋಕಾಲಿ ಮತ್ತು ಊರ ಕಾವಲು



ಒಂದು ಪ್ರಶ್ನೆಯಿಂದ ಆರಂಭಿಸೋಣ. ನಿಮ್ಮ ಊರಿಗೆ ಗುರುತಿಲ್ಲದ ವ್ಯಕ್ತಿಯೊಬ್ಬ ಬಂದರೆ ಅದು ಮೊದಲು ಯಾರಿಗೆ ತಿಳಿಯುತ್ತದೆ? ಪೊಲೀಸ್ ಠಾಣೆಗಲ್ಲ, ಪಂಚಾಯಿತಿ ಕಚೇರಿಗೂ ಅಲ್ಲ. ಅಗಸಿಯ ಕಟ್ಟೆಯ ಮೇಲೆ ಚೌಕಾಬಾರಾ ಆಡುತ್ತ ಕುಳಿತ ಹಿರಿಯರಿಗೆ ತಿಳಿಯುತ್ತದೆ; ಓಣಿಯಲ್ಲಿ ಚಿಣಿಫಣಿ ಆಡುವ ಹುಡುಗರಿಗೆ ತಿಳಿಯುತ್ತದೆ.

ನವಲಗುಂದ ತಾಲೂಕಿನ ನಮ್ಮ ಊರಿನಲ್ಲಿ ಬೇಸಿಗೆಯ ರಾತ್ರಿ ಕದ ತೆರೆದಿಟ್ಟು ಅಂಗಳದಲ್ಲಿ ಮಲಗುತ್ತಿದ್ದೆವು. ಕಳ್ಳರು ಬಂದರೆ ಏನು ಗತಿ ಎಂದು ನಾನು ಕೇಳಿದಾಗ ಅಜ್ಜ, "ತಮ್ಮಾ, ಊರು ಕಾಯೋದು ಬಡಿಗಿ ಅಲ್ಲೋ, ಗುರುತು" ಎಂದಿದ್ದರು. ಮುಂದೆ ವಿಜ್ಞಾನ ಓದಿದೆ, ದೂರದರ್ಶನದ ಕೆಲಸಕ್ಕೆ ಸೇರಿದೆ. ಕ್ಯಾಮೆರಾ ತಂಡದೊಂದಿಗೆ ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಹಳ್ಳಿಗಳನ್ನು ಸುತ್ತುವಾಗ ಅಜ್ಜನ ಮಾತಿನ ಹಿಂದೆ ಒಂದು ಇತಿಹಾಸವಿದೆ ಎಂದು ತಿಳಿಯಿತು. ಆ ಮಾತು ಪೂರ್ಣ ಸತ್ಯವಲ್ಲ ಎಂಬುದೂ ತಿಳಿಯಿತು. ಆಟ, ಮನೆತನ, ಊರಿನ ರಕ್ಷಣೆ ಈ ಮೂರೂ ನಮ್ಮ ಹಳ್ಳಿಗಳಲ್ಲಿ ಹೇಗೆ ಒಂದಕ್ಕೊಂದು ಹೆಣೆದುಕೊಂಡಿದ್ದವು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಲ್ಲುಗಳು ಹೇಳುವ ಕಥೆ

ಮೊದಲು ನಿಮ್ಮ ಊರಿನ ಹಳೆಯ ಗುಡಿಯ ಬಳಿಗೆ ಹೋಗಿ. ಅಲ್ಲಿ ಒರಗಿ ನಿಂತ, ಅರ್ಧ ಹೂತುಹೋದ ವೀರಗಲ್ಲು ಕಾಣಬಹುದು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಈ ವೀರರೆಲ್ಲ ರಾಜರ ಯುದ್ಧಗಳಲ್ಲಿ ಮಡಿದವರಲ್ಲ. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮೂರು ಪದಗಳನ್ನು ಗಮನಿಸಿ: ತುರುಗೊಳ್, ಊರಳಿವು, ಪೆಣ್ಬುಯ್ಯಲ್. ಅಂದರೆ ದನಗಳ ಕೊಳ್ಳೆ, ಊರಿನ ಮೇಲಿನ ದಾಳಿ, ಹೆಣ್ಣುಮಕ್ಕಳಿಗೆ ಒದಗಿದ ಕುತ್ತು. ಈ ಮೂರರಲ್ಲಿ ಯಾವುದನ್ನಾದರೂ ತಡೆಯಲು ಹೋಗಿ ಸತ್ತವನಿಗೆ ಊರು ಕಲ್ಲು ನಿಲ್ಲಿಸುತ್ತಿತ್ತು.

ಅಂತಹ ಹೋರಾಟಕ್ಕೆ ಮೈ ಸಜ್ಜಾಗಿರಬೇಕಲ್ಲವೇ? ಅಣ್ಣಿಗೇರಿ ಬೆಳ್ವೊಲ ಮುನ್ನೂರರ ಪ್ರಮುಖ ಪಟ್ಟಣವಾಗಿದ್ದ ಕಾಲದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವೇ ಮೀಸಲಾಗಿದೆ. ಜಟ್ಟಿಗಳನ್ನು ವಯಸ್ಸು ಮತ್ತು ಬಲಕ್ಕೆ ತಕ್ಕಂತೆ ವಿಂಗಡಿಸುವುದು, ಅವರ ಆಹಾರ, ಅಭ್ಯಾಸ ಎಲ್ಲದರ ವಿವರ ಅಲ್ಲಿದೆ. ಅಂದರೆ ಕುಸ್ತಿ ನಮ್ಮ ನಾಡಿನಲ್ಲಿ 900 ವರ್ಷಗಳ ಹಿಂದೆಯೇ ಬರವಣಿಗೆಗೆ ಇಳಿದ ವಿದ್ಯೆ.

ಅಗಸಿ, ಹುಡೇವು, ವಾಲೀಕಾರ

ಬಯಲುಸೀಮೆಯ ಹಳೆಯ ಊರುಗಳ ರಚನೆಯಲ್ಲೇ ರಕ್ಷಣೆಯ ಲೆಕ್ಕಾಚಾರವಿತ್ತು. ಊರಿನ ಹೆಬ್ಬಾಗಿಲು ಅಗಸಿ. ಎತ್ತರದಿಂದ ದೂರದವರೆಗೆ ಕಣ್ಣು ಹಾಯಿಸಲು ಕಟ್ಟಿದ ದುಂಡನೆಯ ಬುರುಜು ಹುಡೇವು. ಮಣ್ಣಿನ ಮಾಳಿಗೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಮಾಳಿಗೆಯಲ್ಲಿ ಕೂಗಿದರೆ ಇಡೀ ಓಣಿಗೆ ಕೇಳುತ್ತಿತ್ತು. ಕಾವಲಿಗೆ ತಳವಾರ, ವಾಲೀಕಾರ, ಶೇತಸನದಿ ಎಂಬ ವಂಶಪಾರಂಪರ್ಯ ಸೇವಕರಿದ್ದರು. ಸಂಬಳದ ಬದಲಿಗೆ ಅವರಿಗೆ ಹೊಲ ಇರುತ್ತಿತ್ತು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ ಇಂತಹ ಶೇತಸನದಿ ಮನೆತನದವನು. ಊರು ಕಾಯುವವನ ಮಗನೇ ನಾಡು ಕಾಯಲು ಹೊರಟದ್ದರಲ್ಲಿ ಆಶ್ಚರ್ಯವಿಲ್ಲ.

ಬ್ರಿಟಿಷರಿಗೆ ಈ ಶಕ್ತಿಯ ಅರಿವಿತ್ತು. 1857ರಲ್ಲಿ ನಿಶ್ಶಸ್ತ್ರೀಕರಣದ ಕಾನೂನು ಬಂದಾಗ ಮುಧೋಳ ಸಮೀಪದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ದಂಗೆಯೆದ್ದರು. ಸರಕಾರ ಅದನ್ನು ನಿರ್ದಯವಾಗಿ ಅಡಗಿಸಿತು. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆಯಿಂದ ಪೊಲೀಸ್ ಪಾಟೀಲ ಮತ್ತು ಅವನ ಕೈಕೆಳಗಿನ ಕಾವಲುಗಾರರು ಸರಕಾರಿ ವ್ಯವಸ್ಥೆಯ ಕೊನೆಯ ಕೊಂಡಿಯಾದರು. ಇನ್ನೊಂದು ಕುತೂಹಲದ ಸಂಗತಿ: ಹುಬ್ಬಳ್ಳಿ ಮುಂಬಯಿ ಪ್ರಾಂತದಲ್ಲಿತ್ತು, ಅದರ ನೆರೆಯ ಕುಂದಗೋಳ 1948ರ ವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಕೆಲವೇ ಹೊಲ ದಾಟಿದರೆ ಬೇರೆಯೇ ಆಡಳಿತ! ಇಂತಲ್ಲಿ ಠಾಣೆಗಿಂತ ಊರವರ ಪರಸ್ಪರ ಪರಿಚಯವೇ ಹೆಚ್ಚು ಕೆಲಸಕ್ಕೆ ಬರುತ್ತಿತ್ತು.

ಕೆಮ್ಮಣ್ಣಿನ ಶಾಲೆ

ಆ ಪರಿಚಯ ಬೆಳೆಯುತ್ತಿದ್ದ ಜಾಗಗಳಲ್ಲಿ ಗರಡಿಮನೆ ಮುಖ್ಯವಾದುದು. ಒಳಗೆ ಒಂದು ಗೂಡಿನಲ್ಲಿ ಹನುಮಪ್ಪ, ನಡುವೆ ಮಣ್ಣಿನ ಅಖಾಡ, ಮೂಲೆಯಲ್ಲಿ ತಿರುವಲು ಲೋಡು, ಎತ್ತಲು ಸಂಗ್ರಾಣಿ ಕಲ್ಲು. ನವಲಗುಂದ, ಅಣ್ಣಿಗೇರಿ, ಕುಂದಗೋಳ ಎರೆಭೂಮಿಯ ಸೀಮೆ. ಎರೆಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಬಿರಿದು ಗಟ್ಟಿಯಾಗುತ್ತದೆ. ಅದರ ಮೇಲೆ ಬಿದ್ದರೆ ಎಲುಬು ಮುರಿಯುವುದೇ ಸರಿ. ಆದ್ದರಿಂದ ಗರಡಿಗೆಂದೇ ಕೆಂಪು ಮಣ್ಣನ್ನು ಬಂಡಿಗಳಲ್ಲಿ ತರಿಸಿ, ಜರಡಿ ಹಿಡಿದು, ಎಣ್ಣೆ ಮಜ್ಜಿಗೆ ಬೆರೆಸಿ ಹದ ಮಾಡುತ್ತಿದ್ದರು. ದಿನವೂ ಅದನ್ನು ಅಗೆದು ಸಡಿಲಗೊಳಿಸುತ್ತಿದ್ದರು. ಭೌತವಿಜ್ಞಾನ ಓದುವವರಿಗೆ ಇದರ ಕಾರಣ ಹೊಳೆದಿರಬೇಕು. ಸಡಿಲ ಮಣ್ಣಿನ ಮೇಲೆ ಬೀಳುವ ದೇಹ ನಿಲ್ಲಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಸಮಯ ಹೆಚ್ಚಿದಷ್ಟೂ ಮೈಮೇಲಿನ ಬಲ ಕಡಿಮೆ. ನ್ಯೂಟನ್ನನ ಸೂತ್ರ ಓದದ ವಸ್ತಾದರಿಗೆ ಅದು ಅನುಭವದಿಂದ ಗೊತ್ತಿತ್ತು.

ಕೊಲ್ಹಾಪುರದ ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದ ಮೇಲೆ ಈ ಭಾಗದ ಪೈಲವಾನರ ಕನಸಿಗೆ ಒಂದು ದೊಡ್ಡ ಗುರಿ ಸಿಕ್ಕಿತು. ಆದರೆ ಹಳ್ಳಿಯ ಗರಡಿಯಲ್ಲಿ ಸಾಮು ಮಾಡುತ್ತಿದ್ದ ಹುಡುಗರಲ್ಲಿ ಬಹಳಷ್ಟು ಜನ ಊರ ಜಾತ್ರೆಯ ಕಣ ದಾಟಿ ಹೋದವರಲ್ಲ. ಅವರು ಅಲ್ಲಿ ಕಲಿತದ್ದು ಬೇರೆ. ನಸುಕಿನಲ್ಲಿ ಏಳುವುದು, ವಸ್ತಾದರ ಮಾತು ಕೇಳುವುದು, ಸೋತವನ ಬೆನ್ನು ತಟ್ಟುವುದು, ಚಟಗಳಿಂದ ದೂರವಿರುವುದು. ಮನೆಯಲ್ಲಿ ಅವ್ವ ಹಾಲು ತುಪ್ಪ ಉಳಿಸಿ ಇಟ್ಟರೆ ಮಗ ಗರಡಿಯಲ್ಲಿ ಮರ್ಯಾದೆಯಿಂದ ಇರಬೇಕೆಂಬ ಒಪ್ಪಂದ ಅದರಲ್ಲಿ ಅಡಗಿತ್ತು. ಹನುಮಪ್ಪನ ಗೂಡಿರುವ ಗರಡಿಗಳಲ್ಲಿ ಮುಸಲ್ಮಾನ ಪೈಲವಾನರೂ ತಾಲೀಮು ಮಾಡುತ್ತಿದ್ದರು; ಮೊಹರಮ್ಮಿನ ಅಲಾಯಿ ಕುಣಿತದಲ್ಲಿ ಹಿಂದೂ ಹುಡುಗರೂ ಹೆಜ್ಜೆ ಹಾಕುತ್ತಿದ್ದರು. ಒಂದೇ ಮಣ್ಣಿನಲ್ಲಿ ಹೊರಳಿದವರು ರಾತ್ರಿ ಕೂಗು ಕೇಳಿದರೆ ಒಟ್ಟಿಗೆ ಓಡಿ ಬರುವುದು ಸಹಜವಾಗಿತ್ತು.

ಪಂಚಮಿಯ ಜೋಕಾಲಿ

ಇನ್ನು ಮನೆಯೊಳಗಿನ ಮಾತು. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿ ಎಂದರೆ ಗಂಡನ ಮನೆಯಿಂದ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅರಳು, ಗಂಡುಹುಡುಗರಿಗೆ ಲಿಂಬೆಹಣ್ಣು ಎಸೆಯುವ ಪಂದ್ಯ, ಜೋಳದ ಚೀಲ ಎತ್ತುವ ಪಂದ್ಯ, ಹೆಣ್ಣುಮಕ್ಕಳಿಗೆ ಜೋಕಾಲಿ. ಜೋಕಾಲಿ ಒಂದು ಲೋಲಕ. ಅದು ಒಮ್ಮೆ ಹೋಗಿ ಬರಲು ಹಿಡಿಯುವ ಕಾಲ ಹಗ್ಗದ ಉದ್ದವನ್ನು ಅವಲಂಬಿಸಿದೆಯೇ ಹೊರತು ಕುಳಿತವರ ತೂಕವನ್ನಲ್ಲ. ಅಜ್ಜಿ ಕುಳಿತರೂ ಮೊಮ್ಮಗಳು ಕುಳಿತರೂ ಹೆಚ್ಚುಕಡಿಮೆ ಒಂದೇ ತಾಳ.

ಆ ನಾಲ್ಕಾರು ದಿನಗಳಲ್ಲಿ ಆಟದ ನೆವದಿಂದ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಮಗಳು ಸೊರಗಿದ್ದಾಳೆಯೇ, ಮೈಮೇಲೆ ಬಾಸುಂಡೆ ಇದೆಯೇ, ನಗು ಬದಲಾಗಿದೆಯೇ ಎಂಬುದನ್ನು ಅವ್ವ, ಅಕ್ಕ, ಓಣಿಯ ಗೆಳತಿಯರು ನೋಡುತ್ತಿದ್ದರು. ಜೋಕಾಲಿಯ ಹತ್ತಿರ ಆಡಿದ ಪಿಸುಮಾತು ಎಷ್ಟೋ ಸಲ ಹಿರಿಯರ ಕಿವಿಗೆ ಬಿದ್ದು ಬೀಗರ ಮನೆಗೆ ನಾಲ್ಕು ಮಾತು ಹೇಳಿ ಕಳಿಸುವಂತಾಗುತ್ತಿತ್ತು. ಎಷ್ಟೋ ಸಲ "ಹೊಂದಿಕೊಂಡು ಹೋಗವ್ವಾ" ಎಂಬಲ್ಲಿಗೇ ನಿಲ್ಲುತ್ತಿತ್ತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ ಬಂದದ್ದು 2005ರಲ್ಲಿ. ಅದಕ್ಕೆ ಮೊದಲು ಅನೇಕ ಹೆಣ್ಣುಮಕ್ಕಳಿಗೆ ಇದ್ದ ಆಸರೆ ಇಷ್ಟೇ. ಕಳ್ಳರ ಭಯವೊಂದೇ ಭಯವಲ್ಲ. ಮನೆಯೊಳಗಿನ ಭಯವೂ ಊರಿನ ಸುರಕ್ಷತೆಯ ಪ್ರಶ್ನೆಯೇ.

ಗುರುತಿನ ಆಚೆಗೆ ಉಳಿದವರು

ಇಲ್ಲಿಯವರೆಗೆ ಅಜ್ಜನ ಮಾತು ಸರಿ. ಈಗ ಅದರ ಇನ್ನೊಂದು ಮಗ್ಗುಲನ್ನು ನೋಡಬೇಕು. ಗುರುತೇ ಊರನ್ನು ಕಾಯುವುದಾದರೆ, ಊರು ಗುರುತಿಸಲು ಒಪ್ಪದವರ ಗತಿಯೇನು?

ಗರಡಿಯ ಬಾಗಿಲು ಎಲ್ಲ ಊರುಗಳಲ್ಲಿ ಎಲ್ಲರಿಗೂ ತೆರೆದಿರಲಿಲ್ಲ. ದಲಿತರ ಕೇರಿಯ ಹುಡುಗರು ಹೊರಗೆ ಉಳಿದ ಊರುಗಳಿದ್ದವು. ಹೆಣ್ಣುಮಕ್ಕಳಿಗಂತೂ ಆ ಹೊಸ್ತಿಲು ಇರಲೇ ಇಲ್ಲ. ಮೈ ಗಟ್ಟಿಯಾಗುವುದು ಗಂಡಸಿಗೆ, ಕಾಪಾಡಿಸಿಕೊಳ್ಳುವುದು ಹೆಂಗಸಿಗೆ ಎಂಬ ಹಂಚಿಕೆ ಅದು. ಇದನ್ನು ಪ್ರಶ್ನಿಸಿದವರು ನಮ್ಮ ಹುಬ್ಬಳ್ಳಿಯಲ್ಲೇ ಇದ್ದರು. ಡಾ. ನಾ. ಸು. ಹರ್ಡೀಕರ 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಸಂಘಟಿಸಿದರು. ಕವಾಯತು ಮತ್ತು ಸೇವೆ ಅದರ ಶಿಕ್ಷಣದ ಭಾಗಗಳಾಗಿದ್ದವು. ಅದರ ಮಹಿಳಾ ವಿಭಾಗವನ್ನು ಮುನ್ನಡೆಸಿದವರು ಉಮಾಬಾಯಿ ಕುಂದಾಪುರ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಅವರು ನೂರಕ್ಕೂ ಹೆಚ್ಚು ಮಹಿಳಾ ಸ್ವಯಂಸೇವಕಿಯರನ್ನು ಸಜ್ಜುಗೊಳಿಸಿದರು. ಸಂಪ್ರದಾಯಸ್ಥ ಮನೆಗಳ ಹೆಣ್ಣುಮಕ್ಕಳು ಅಷ್ಟು ದೊಡ್ಡ ಜನಸಂದಣಿಯಲ್ಲಿ ಸ್ವಯಂಸೇವಕಿಯರಾಗಿ ನಿಂತದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಬದಲಾವಣೆ ಬಂದದ್ದು ನಿಧಾನವಾಗಿಯೇ. ಏಷ್ಯನ್ ಕ್ರೀಡಾಕೂಟಕ್ಕೆ ಪುರುಷರ ಕಬಡ್ಡಿ 1990ರಲ್ಲಿ ಸೇರಿದರೆ ಮಹಿಳೆಯರ ಕಬಡ್ಡಿ ಸೇರಿದ್ದು 2010ರಲ್ಲಿ. 1896ರ ಮೊದಲ ಒಲಿಂಪಿಕ್ಸ್‌ನಲ್ಲೇ ಇದ್ದ ಕುಸ್ತಿಯಲ್ಲಿ ಮಹಿಳೆಯರಿಗೆ ಅವಕಾಶ ಸಿಕ್ಕಿದ್ದು 2004ರಲ್ಲಿ.

ಗುರುತಿನ ಆಚೆಗೆ ಉಳಿದವರಲ್ಲಿ ಇನ್ನೊಂದು ಗುಂಪಿನ ಕಥೆ ಹೆಚ್ಚು ನೋವಿನದು. 1871ರಲ್ಲಿ ಮೊದಲು ಬಂದು, 1911ರಲ್ಲಿ ವಿಸ್ತಾರಗೊಂಡ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತು. ಹುಬ್ಬಳ್ಳಿ ಮತ್ತು ಗದಗಿನಲ್ಲಿ ಅವರಿಗಾಗಿ 'ಸೆಟ್ಲ್‌ಮೆಂಟ್'ಗಳಾದವು. ಅಲ್ಲಿದ್ದವರು ಹಾಜರಿ ಕೊಡಬೇಕು, ಪರವಾನಗಿ ಇಲ್ಲದೆ ಹೊರಗೆ ಹೋಗುವಂತಿಲ್ಲ. ಮುಂಬಯಿ ಪ್ರಾಂತದಲ್ಲಿ ಈ ಕಾಯ್ದೆ 1949ರಲ್ಲಿ, ಇಡೀ ದೇಶದಲ್ಲಿ 1952ರ ಆಗಸ್ಟ್ 31ರಂದು ರದ್ದಾಯಿತು. ಹುಬ್ಬಳ್ಳಿಯ ಆ ಬಡಾವಣೆಗೆ ಮಾತ್ರ ಸೆಟ್ಲ್‌ಮೆಂಟ್ ಎಂಬ ಹೆಸರು ಉಳಿಯಿತು. ಊರು ಸುರಕ್ಷಿತವಾಗಿರಲಿ ಎಂಬ ಆಸೆಯೇ ಕೆಲವರ ಪಾಲಿಗೆ ಸೆರೆಮನೆಯಾಯಿತು.

ಹಳೆಯ ಕಾವಲು, ಹೊಸ ಭಯ

ಸ್ವಾತಂತ್ರ್ಯದ ನಂತರ ಹಳೆಯ ವ್ಯವಸ್ಥೆ ಸರಿಯಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ವಂಶಪಾರಂಪರ್ಯ ಹುದ್ದೆಗಳು ಕೊನೆಗೊಂಡವು. ಹುಟ್ಟಿನಿಂದ ಬರುವ ಅಧಿಕಾರ ಹೋದದ್ದು ಒಳ್ಳೆಯದೇ. 1964ರಲ್ಲಿ ಗ್ರಾಮ ರಕ್ಷಣಾ ದಳಗಳಿಗಾಗಿ ಪ್ರತ್ಯೇಕ ಕಾಯ್ದೆ ಬಂತು. ಇಂದು ತುರ್ತು ಸಹಾಯಕ್ಕೆ 112, ಮಕ್ಕಳ ಸಹಾಯಕ್ಕೆ 1098 ಸಂಖ್ಯೆಗಳಿವೆ. ಇವನ್ನು ನೀವು ಬಾಯಿಪಾಠ ಮಾಡಿಕೊಳ್ಳಲೇಬೇಕು.

ಆದರೆ ಯಾವ ಸಂಖ್ಯೆಯೂ ನೆರೆಹೊರೆಯ ವಿವೇಕಕ್ಕೆ ಬದಲಿಯಲ್ಲ. 2018ನೆಯ ವರ್ಷವನ್ನು ನೆನಪಿಸಿಕೊಳ್ಳಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಹರಿದಾಡಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ, ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಗುಂಪುಗಳು ನಿರಪರಾಧಿಗಳನ್ನು ಹೊಡೆದು ಕೊಂದವು. ಮುರ್ಕಿಯಲ್ಲಿ ಸತ್ತವನು ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವ ಇಂಜಿನಿಯರ್. ಹೊಡೆದವರು ತಾವು ಊರು ಕಾಯುತ್ತಿದ್ದೇವೆ ಎಂದೇ ನಂಬಿದ್ದರು. ವೀರಗಲ್ಲಿನ ವೀರ ಎದುರಿಗಿದ್ದ ದಾಳಿಗಾರರೊಡನೆ ಕಾದಿದ. ಇವರು ಗುರುತಿಲ್ಲ ಎಂಬುದನ್ನೇ ಅಪರಾಧವೆಂದು ಎಣಿಸಿದರು.

ಗರಡಿಯ ನಿಯಮ ಇಲ್ಲಿ ನೆನಪಾಗುತ್ತದೆ. ಪರ ಊರಿನ ಪೈಲವಾನ ಬಂದರೆ ಮೊದಲು ಅವನ ಊರು, ಹೆಸರು, ವಸ್ತಾದರು ಯಾರು ಎಂದು ಕೇಳಬೇಕು. ಆಮೇಲೆ ಸರಿಜೋಡಿ ನೋಡಿ ಕಣಕ್ಕೆ ಇಳಿಸಬೇಕು. ಬಿದ್ದವನನ್ನು ಹೊಡೆಯುವಂತಿಲ್ಲ. ಅಪರಿಚಿತನನ್ನು ಪರಿಚಿತನನ್ನಾಗಿ ಮಾಡಿಕೊಳ್ಳುವ ಈ ಕ್ರಮವೇ ಆಟದ ನಿಜವಾದ ಪಾಠ. ಅದನ್ನು ಮರೆತು ಬರೀ ತೋಳ್ಬಲವನ್ನಷ್ಟೇ ಉಳಿಸಿಕೊಂಡರೆ ಊರಿಗೆ ರಕ್ಷಣೆಯಲ್ಲ, ಅಪಾಯ.

ಈಗ ನಿಮಗೆ ಒಂದು ಕೆಲಸ. ಈ ವಾರ ಮನೆಯ ಹಿರಿಯರನ್ನು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಿ. ನಮ್ಮ ಊರಿನ ಗರಡಿ ಎಲ್ಲಿತ್ತು, ಅಲ್ಲಿಗೆ ಯಾರು ಹೋಗುತ್ತಿದ್ದರು? ಯಾರು ಹೋಗುವಂತಿರಲಿಲ್ಲ? ರಾತ್ರಿ ಊರು ಕಾಯುತ್ತಿದ್ದವರ ಮನೆ ಊರಿನ ಯಾವ ಅಂಚಿನಲ್ಲಿತ್ತು? ಉತ್ತರಗಳು ನಿಮ್ಮ ಊರಿನ ಇತಿಹಾಸದ ಮೊದಲ ಪುಟವಾಗುತ್ತವೆ. ಆಮೇಲೆ ಸಂಜೆ ಶಾಲೆಯ ಬಯಲಿಗೆ ಹೋಗಿ. ಅಲ್ಲಿ ಕಬಡ್ಡಿಗೋ ಖೋಖೋಗೋ ಜೋಡಿ ಹಚ್ಚುವಾಗ ಇದುವರೆಗೆ ಬದಿಯಲ್ಲಿ ನಿಂತು ನೋಡುತ್ತಿದ್ದ ಹುಡುಗ ಹುಡುಗಿಯರನ್ನು ಹೆಸರು ಹಿಡಿದು ಕರೆಯಿರಿ. ಗುರುತಾಗುವುದು ಅಲ್ಲಿಂದಲೇ.