ಹರಿದು ಬಿಸಾಡುವ ಕಾಗದದಲ್ಲಿ ಮನೆಯ ಚರಿತ್ರೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಕ್ರಮ ಇತ್ತು. ಸಾವಿನ ಸುದ್ದಿಯ ಕಾಗದ ಬಂದರೆ ಅದನ್ನು ಒಳಗೆ ತರಬಾರದು. ಜಗಲಿಯಲ್ಲೇ ನಿಂತು ಓದಿ, ಹರಿದು, ಅಂಗಳದ ಆಚೆಗೆ ಬಿಸಾಡಬೇಕು. ಕೆಲವರು ಕಾರ್ಡಿನ ಒಂದು ಮೂಲೆಯನ್ನು ಮೊದಲೇ ಹರಿದು ಕಳಿಸುತ್ತಿದ್ದರು. ಅಂಥ ಕಾರ್ಡು ಪೋಸ್ಟ್‌ಮ್ಯಾನ್ ಕೈಯಲ್ಲಿ ಕಂಡರೆ ಸಾಕು, ಓದುವ ಮೊದಲೇ ಅಜ್ಜಿ ಅಳಲು ಶುರುಮಾಡುತ್ತಿದ್ದರು. ಮದುವೆಯ ಕಾಗದ, ಗೃಹಪ್ರವೇಶದ ಕಾಗದ ಎಲ್ಲವೂ ಚಾವಡಿಯ ತಂತಿಗೆ ಚುಚ್ಚಿಕೊಂಡು ವರ್ಷಗಟ್ಟಲೆ ಇರುತ್ತಿದ್ದವು. ಸಾವಿನ ಕಾಗದಕ್ಕೆ ಮಾತ್ರ ಜಾಗವಿರಲಿಲ್ಲ.

ಹಾಗಿದ್ದರೂ ಕೆಲವು ಉಳಿದಿದ್ದವು. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಹಳೆಯ ಹಂಚಿನ ಮನೆಯನ್ನು ಕೆಡವಿದಾಗ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಉತ್ತರಕ್ರಿಯೆಯ ಕಾಗದಗಳು, ಪತ್ರಿಕೆಯಿಂದ ಕತ್ತರಿಸಿದ ನಿಧನ ವಾರ್ತೆಗಳು, ಒಂದೆರಡು ಟೆಲಿಗ್ರಾಂ. "ಇದೆಲ್ಲ ಯಾಕೆ ಇಟ್ಟುಕೊಂಡಿದ್ದಾರೋ" ಎಂದು ನಾನೇ ಎಲ್ಲವನ್ನೂ ಬಚ್ಚಲ ಒಲೆಗೆ ಹಾಕಿದೆ. ಎರಡು ವರ್ಷ ಕಳೆದ ಮೇಲೆ ಅಪ್ಪ ಕೇಳಿದರು, "ನನ್ನ ಸೋದರತ್ತೆ ತೀರಿಕೊಂಡದ್ದು ಯಾವ ವರ್ಷ ಅಂತ ನೋಡಬೇಕಿತ್ತು. ಅಟ್ಟದ ಪೆಟ್ಟಿಗೆ ಎಲ್ಲಿ ಉಂಟು?" ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ. ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುವ ನಾನು ನನ್ನ ಮನೆಯ ದಾಖಲೆಯನ್ನು ನೀರು ಕಾಯಿಸಲು ಬಳಸಿದ್ದೆ!

ಕಲ್ಲಿನಲ್ಲಿದ್ದರೆ ಶಾಸನ, ಕಾಗದದಲ್ಲಿದ್ದರೆ ಕಸ?

ನಾವು ತರಗತಿಯಲ್ಲಿ ವೀರಗಲ್ಲಿನ ಪಾಠ ಮಾಡುತ್ತೇವೆ. ಸತ್ತವನು ಯಾರು, ಯಾವ ಊರಿನ ಕಾಳಗದಲ್ಲಿ ಸತ್ತ, ಯಾರ ಆಳ್ವಿಕೆಯ ಕಾಲ ಎಂಬುದನ್ನು ಅದರಿಂದ ತಿಳಿಯಬಹುದು ಎಂದು ಮಕ್ಕಳಿಗೆ ಬರೆಸುತ್ತೇವೆ. ಬೆಂಗಳೂರಿನ ಹತ್ತಿರ ಬೇಗೂರಿನಲ್ಲಿ ಕ್ರಿ.ಶ. 9ನೇ ಶತಮಾನದ ಕೊನೆಯ ಹೊತ್ತಿನ ಒಂದು ವೀರಗಲ್ಲು ಇದೆ. ಬೆಂಗಳೂರು ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬವನು ಸತ್ತ ಎನ್ನುವುದೇ ಅದರ ಸುದ್ದಿ. ಬೆಂಗಳೂರು ಎಂಬ ಹೆಸರಿನ ಹಳೆಯ ಉಲ್ಲೇಖ ನಮಗೆ ಸಿಕ್ಕಿದ್ದು ಹೀಗೆ, ಒಂದು ಸಾವಿನ ಸುದ್ದಿಯಿಂದ.

ಉತ್ತರಕ್ರಿಯೆಯ ಕಾಗದವೂ ಇದೇ ಕೆಲಸ ಮಾಡುತ್ತದೆ. ತೀರಿಕೊಂಡವರು ಯಾರು, ಎಂದು, ಯಾವ ಮನೆ, ಯಾವ ಗ್ರಾಮ, ಉಳಿದ ಬಂಧುಗಳು ಯಾರು ಎಲ್ಲವೂ ಅದರಲ್ಲಿರುತ್ತದೆ. ರಾಜರ ಚರಿತ್ರೆಗೆ ಶಾಸನ ಉಂಟು. ಬೇಸಾಯ ಮಾಡಿ, ಬೀಡಿ ಕಟ್ಟಿ ಬದುಕಿದ ನಮ್ಮ ಅಜ್ಜ ಅಜ್ಜಿಯರಿಗೆ ಈ ಒಂದು ಹಾಳೆಯೇ ಶಾಸನ.

ಗಡಿಯ ಮನೆಗಳಿಗೆ ಇದು ಇನ್ನೂ ಮುಖ್ಯ

ನಮ್ಮ ಕಾಸರಗೋಡಿನ ಸಂಗತಿ ನಿಮಗೆಲ್ಲ ಗೊತ್ತೇ ಇದೆ. ಬ್ರಿಟಿಷರ ಕಾಲದಲ್ಲಿ ಇದು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1957ರಿಂದ ಕಣ್ಣೂರು ಜಿಲ್ಲೆಯಲ್ಲಿತ್ತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು 1915ರ ಜೂನ್ 8ರಂದು ಹುಟ್ಟಿ, 2015ರ ಆಗಸ್ಟ್ 9ರಂದು ಬದಿಯಡ್ಕದಲ್ಲಿ ತೀರಿಕೊಂಡರು. ಅವರು ಇದೇ ಮಣ್ಣಿನಲ್ಲಿ ಹುಟ್ಟಿ ಇದೇ ಮಣ್ಣಿನಲ್ಲಿ ಮಣ್ಣಾದವರು. ಆದರೂ ಆ ನೂರು ವರ್ಷಗಳಲ್ಲಿ ಅವರ ವಿಳಾಸದ ಕೊನೆಯ ಸಾಲು ಎಷ್ಟು ಸಲ ಬದಲಾಯಿತು ನೋಡಿ!

ಹೀಗಾಗಿ ನಮ್ಮ ಮನೆಗಳ ದಾಖಲೆ ಒಂದೇ ಕಡೆ ಇಲ್ಲ. 1956ಕ್ಕಿಂತ ಮೊದಲು ಜಿಲ್ಲೆಯ ಮುಖ್ಯ ಕಚೇರಿ ಮಂಗಳೂರಿನಲ್ಲಿತ್ತು. ಆಮೇಲೆ ಕಣ್ಣೂರು, ಆಮೇಲೆ ಕಾಸರಗೋಡು. ಭಾಷೆಯೂ ಬೇರೆಯಾಯಿತು. ಹಳೆಯ ಕಾಗದದಲ್ಲಿ ಮಂಜೇಶ್ವರ ಎಂದಿದ್ದರೆ ಈಗಿನದರಲ್ಲಿ ಮಂಜೇಶ್ವರಂ, ಕುಂಬಳೆ ಎಂದಿದ್ದಲ್ಲಿ ಕುಂಬಳ, ಹೊಸದುರ್ಗ ಎಂದಿದ್ದಲ್ಲಿ ಹೋಸ್‌ದುರ್ಗ್. ಕನ್ನಡದಲ್ಲಿ ಅಚ್ಚಾದ ಸಾವಿನ ಕಾಗದ ಮಾತ್ರ ಊರಿನ, ಮನೆಯ, ಬೈಲಿನ ಹೆಸರನ್ನು ಜನರ ಬಾಯಲ್ಲಿ ಇದ್ದ ಹಾಗೆ ಉಳಿಸಿಕೊಂಡಿದೆ. ಹೆಣ್ಣುಮಕ್ಕಳನ್ನು ಪುತ್ತೂರು, ಸುಳ್ಯ, ಬಂಟ್ವಾಳಕ್ಕೆ ಕೊಟ್ಟ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ರಾಜ್ಯದ ಗಡಿ ಅವರ ನಡುವೆ ಬಿತ್ತು. ಕಾಗದದ ಕೆಳಗಿನ ಬಂಧುಗಳ ಪಟ್ಟಿಯಲ್ಲಿ ಮಾತ್ರ ಗಡಿಯ ಈಚೆಯವರು, ಆಚೆಯವರು ಒಂದೇ ಸಾಲಿನಲ್ಲಿ ಕೂತಿದ್ದಾರೆ.

ಒಂದು ಕಾಗದ ಓದಿದ ಕಥೆ

ಕೆಲವು ವರ್ಷಗಳ ಹಿಂದೆ ಏಳನೇ ತರಗತಿಯ ಮಕ್ಕಳಿಗೆ 'ನಮ್ಮ ಮನೆಯ ಚರಿತ್ರೆ' ಎಂಬ ಪ್ರಾಜೆಕ್ಟ್ ಕೊಟ್ಟಿದ್ದೆ. ಒಬ್ಬ ಹುಡುಗಿ ಹಳೆಯ ಪಂಚಾಂಗದ ನಡುವೆ ಇದ್ದ ಒಂದು ಕಾಗದ ತಂದಳು. ಅದನ್ನು ಜೋಪಾನ ಮಾಡಿದವರು ಅವಳ ಅಜ್ಜಿ. ಅವರಿಗೆ ಓದು ಬರಹ ಬಾರದು. "ಇದು ನನ್ನ ಅಮ್ಮನ ಕಾಗದ" ಎಂದಷ್ಟೇ ಅವರಿಗೆ ಗೊತ್ತಿತ್ತು.

ಅದರಲ್ಲಿ ಇಸವಿ ಇರಲಿಲ್ಲ. ವಿಕಾರಿ ಸಂವತ್ಸರ, ಕರ್ಕಾಟಕ ಮಾಸ ಎಂದಿತ್ತು. ಮಕ್ಕಳ ಜೊತೆ ಕೂತು ಲೆಕ್ಕ ಹಾಕಿದೆವು. ಸಂವತ್ಸರಗಳು ಅರವತ್ತು. ಮೊದಲನೆಯ ಪ್ರಭವ ಸಂವತ್ಸರ ಬಂದದ್ದು 1867, 1927, 1987ರಲ್ಲಿ. ವಿಕಾರಿ ಮೂವತ್ತಮೂರನೆಯದು. ಹಾಗಾದರೆ 1899, 1959 ಅಥವಾ 2019. ಕಾಗದದ ಕೆಳಗೆ 'ಕೇರಳ ರಾಜ್ಯ' ಎಂದು ಅಚ್ಚಾಗಿತ್ತು. 1899ರಲ್ಲಿ ಕೇರಳ ಎಂಬ ರಾಜ್ಯವೇ ಇಲ್ಲ. 2019 ಆಗುವ ಹಾಗೂ ಇಲ್ಲ. ಉಳಿದದ್ದು 1959. ಕರ್ಕಾಟಕ ಎಂದರೆ ತುಳುವಿನ ಆಟಿ, ಮಲಯಾಳದ ಕರ್ಕಡಗಂ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಅದೇ ಆಟಿಯಲ್ಲಿ, 1959ರ ಜುಲೈ 31ರಂದು, ಕೇರಳದ ಇ.ಎಂ.ಎಸ್. ನಂಬೂದಿರಿಪಾಡರ ಸರಕಾರವನ್ನು ಕೇಂದ್ರ ವಜಾ ಮಾಡಿತ್ತು. ಪಾಠಪುಸ್ತಕದ ಚರಿತ್ರೆ ಮತ್ತು ಮನೆಯ ಚರಿತ್ರೆ ಒಂದೇ ತಿಂಗಳಲ್ಲಿ ಸಿಕ್ಕಿದಾಗ ಮಕ್ಕಳ ಮುಖ ನೋಡಬೇಕಿತ್ತು.

ಆಮೇಲೆ ಆ ಹುಡುಗಿ ಕಾಗದವನ್ನು ಇನ್ನೊಮ್ಮೆ ಓದಿ ಕೇಳಿದಳು:

"ಸರ್, ಇದ್ರಲ್ಲಿ ಅಜ್ಜಿಯ ಅಮ್ಮನ ಹೆಸ್ರೇ ಇಲ್ವಲ್ಲ?"

ಹೌದು, ಇರಲಿಲ್ಲ. 'ನಮ್ಮ ಪೂಜ್ಯ ಮಾತೃಶ್ರೀಯವರು' ಎಂದು ಇತ್ತು. ಕೆಳಗೆ ನಾಲ್ಕು ಗಂಡುಮಕ್ಕಳ ಹೆಸರು ಇತ್ತು. ಕಾಗದವನ್ನು ಅರವತ್ತು ವರ್ಷ ಕಾಪಾಡಿದ ಮಗಳ ಹೆಸರೂ ಇರಲಿಲ್ಲ. ನಾನು ಎಷ್ಟೋ ಇಂಥ ಕಾಗದ ಓದಿದವನು. ಅದನ್ನು ಗಮನಿಸಿರಲೇ ಇಲ್ಲ.

ಅಜ್ಜಿಯನ್ನು ಕೇಳಿದರೆ, "ಅಮ್ಮನನ್ನು ಅಮ್ಮ ಅಂತಲೇ ಕರೀತಿದ್ದದ್ದು. ಊರವರು 'ಅಕ್ಕೆ' ಅಂತಿದ್ರು" ಎಂದರಂತೆ. ಹೆಸರು ಎಲ್ಲಿ ಹುಡುಕುವುದು? ಅದು ಅಳಿಯಸಂತಾನದ ಕುಟುಂಬ. ಆ ಪದ್ಧತಿಯಲ್ಲಿ ಸೊತ್ತಿನ ಹಕ್ಕು ತಾಯಿಯ ಕಡೆಯಿಂದ ಬರುತ್ತದೆ. 1949ರ ಮದರಾಸು ಅಳಿಯಸಂತಾನ ಕಾಯ್ದೆಯ ಪ್ರಕಾರ 'ಕವರು' ಎಂದರೆ ಒಬ್ಬ ಹೆಂಗಸಿನಿಂದ ಹೊರಟ ಕವಲು. ಕವರು ಲೆಕ್ಕದಲ್ಲಿ ಪಾಲು ಕೇಳಬಹುದಿತ್ತು. ಪಾಲಿನ ಪತ್ರದಲ್ಲಿ ಹೆಂಗಸರ ಹೆಸರು ಬರೆಯದೆ ವಿಧಿಯೇ ಇಲ್ಲ. ನಾನು ಇದನ್ನು ಹೇಳಿದ ಮೇಲೆ ಹುಡುಗಿಯ ಅಪ್ಪ ತನ್ನ ಮಾವನ ಕಪಾಟಿನಿಂದ ವಿಭಾಗಪತ್ರದ ನಕಲು ಹುಡುಕಿ ತಂದರು. ಅದರಲ್ಲಿ ಎರಡನೇ ಕವರಿನ ಮೊದಲ ಹೆಸರೇ ಆ ತಾಯಿಯದ್ದು. ಪ್ರಾಯವನ್ನೂ ಬರೆದಿತ್ತು.

ಉತ್ತರಕ್ರಿಯೆಯ ಕಾಗದ ಹೆಸರು ಕೊಡಲಿಲ್ಲ. ಆದರೆ ಮನೆ ಯಾವುದು, ಗಂಡುಮಕ್ಕಳು ಯಾರು, ವರ್ಷ ಯಾವುದು ಎಂದು ಹೇಳಿ ಸರಿಯಾದ ಬಾಗಿಲಿನ ಹತ್ತಿರ ಕರೆದುಕೊಂಡು ಹೋಯಿತು. ಈ ಜಾತಿಯ ದಾಖಲೆಯ ಉಪಯೋಗವೇ ಅದು.

ಓದುವಾಗ ಗಮನಿಸಬೇಕಾದದ್ದು

ಮಕ್ಕಳಿಗೆ, ಪೋಷಕರಿಗೆ ಉಪಯೋಗವಾಗಲಿ ಎಂದು ಕೆಲವು ವಿಷಯಗಳನ್ನು ಬರೆಯುತ್ತೇನೆ.

1. ದಿನಾಂಕ: ಶಕ ವರ್ಷ ಇದ್ದರೆ 78 ಕೂಡಿಸಿ. ಜನವರಿಯಿಂದ ಯುಗಾದಿಯ ತನಕದ ದಿನವಾದರೆ 79. ಕೊಲ್ಲಂ ವರ್ಷ ಇದ್ದರೆ ಚಿಂಙದಿಂದ, ಅಂದರೆ ಆಗಸ್ಟ್ ನಡುವಿನಿಂದ, ಡಿಸೆಂಬರ್ ತನಕ 824, ಉಳಿದ ತಿಂಗಳಿಗೆ 825 ಕೂಡಿಸಿ. 1134ರ ಕರ್ಕಡಗಂ ಎಂದರೆ 1959ರ ಆಟಿ. ಕೇರಳದವರು '99ರ ನೆರೆ' ಎನ್ನುವುದು ಕೊಲ್ಲಂ 1099ರ, ಅಂದರೆ 1924ರ ನೆರೆಯನ್ನು.

2. ಪತ್ರಿಕೆಯ ತುಂಡಾದರೆ: ಪತ್ರಿಕೆಯ ದಿನಾಂಕವೇ ಸಾವಿನ ದಿನಾಂಕವಲ್ಲ. 'ನಿನ್ನೆ', 'ಕಳೆದ ಸೋಮವಾರ' ಎಂಬ ಮಾತನ್ನು ಹಿಡಿದು ಹಿಂದಕ್ಕೆ ಎಣಿಸಬೇಕು. ಕತ್ತರಿಸಿದ ತುಂಡಿನಲ್ಲಿ ದಿನಾಂಕ ಇಲ್ಲದಿದ್ದರೆ ಹಿಂಬದಿ ನೋಡಿ. ಅಲ್ಲಿರುವ ಸಿನೆಮಾ ಜಾಹೀರಾತೋ ಚುನಾವಣೆಯ ಸುದ್ದಿಯೋ ವರ್ಷವನ್ನು ಹೇಳಿಬಿಡುತ್ತದೆ.

3. ಪ್ರಾಯ: 70, 80, 90 ಎಂಬ ಪೂರ್ಣ ಸಂಖ್ಯೆಗಳನ್ನು ನಂಬಬೇಡಿ. ಹುಟ್ಟಿದ ದಿನ ಬರೆದಿಡದ ಕಾಲದಲ್ಲಿ ಅದು ಮನೆಯವರ ಅಂದಾಜು.

4. ಹೆಸರಿನ ಮುಂದಿನ ಅಕ್ಷರ: ನಮ್ಮಲ್ಲಿ ಹೆಸರಿನ ಮೊದಲು ಬರುವುದು ಹೆಚ್ಚಾಗಿ ಊರು ಅಥವಾ ಮನೆ. ಈಗ ಒಂದೇ ಇನಿಶಿಯಲ್ ಆಗಿ ಉಳಿದದ್ದು ಹಳೆಯ ಕಾಗದದಲ್ಲಿ ಪೂರ್ತಿ ಇರುತ್ತದೆ.

5. ಇಲ್ಲದ ಹೆಸರುಗಳು: ಹೆಣ್ಣುಮಕ್ಕಳು, ಸಣ್ಣದರಲ್ಲೇ ತೀರಿಹೋದ ಮಕ್ಕಳು, ಜಗಳವಾಡಿ ದೂರವಾದವರು ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಮನೆಯಲ್ಲಿ ಇರಲಿಲ್ಲ ಎಂದಲ್ಲ.

6. ಬೇರೆ ದಾಖಲೆಗೆ ತಾಳೆ ಹಾಕಿ: ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಈಗ ನಮ್ಮ ಪಂಚಾಯತಿನಲ್ಲಿ ದಾಖಲಾಗುತ್ತದೆ. ಅದಕ್ಕೆ ಮೊದಲು ಗ್ರಾಮದಲ್ಲಿ ಪಟೇಲರು ಬರೆಯುತ್ತಿದ್ದರು. ಎಲ್ಲ ಸಾವುಗಳೂ ಆ ಪುಸ್ತಕಕ್ಕೆ ಏರುತ್ತಿರಲಿಲ್ಲ. ಕ್ರೈಸ್ತರ ಮನೆಯಾದರೆ ಇಗರ್ಜಿಯ ಪುಸ್ತಕ, ಮುಸ್ಲಿಮರ ಮನೆಯಾದರೆ ಗೋರಿಯ ಕಲ್ಲು, ಎಲ್ಲರಿಗೂ ಶಾಲೆಯ ದಾಖಲಾತಿ ಪುಸ್ತಕ ಮತ್ತು ಜಾಗದ ಪತ್ರಗಳು ಸಹಾಯಕ್ಕೆ ಬರುತ್ತವೆ.

ಕಾಗದವೇ ಇಲ್ಲದ ಮನೆಗಳು

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಕಾಗದ ಅಚ್ಚು ಹಾಕಿಸಲು ದುಡ್ಡು ಬೇಕಿತ್ತು, ಪತ್ರಿಕೆಯಲ್ಲಿ ಹೆಸರು ಬರಲು ಪರಿಚಯ ಬೇಕಿತ್ತು. ನನ್ನ ತರಗತಿಯ ಅರ್ಧದಷ್ಟು ಮಕ್ಕಳು ಏನನ್ನೂ ತರಲಿಲ್ಲ. "ನಮ್ಮಲ್ಲಿ ಇಲ್ಲ ಸರ್" ಎಂದು ತಲೆ ತಗ್ಗಿಸಿದರು. ಕೂಲಿ ಮಾಡಿ ಬದುಕಿದ ಮನೆಗಳವು. ಅವರ ಮನೆಯಲ್ಲಿ ಸತ್ತವರಿಗೆ ಎಡೆ ಬಡಿಸುವಾಗ ಹಿರಿಯರು ಒಬ್ಬೊಬ್ಬರ ಹೆಸರು ಹೇಳುತ್ತಾರೆ. ಆ ಹೆಸರುಗಳನ್ನು ಕೇಳಿ ಬರೆದುಕೊಂಡು ಬನ್ನಿ ಎಂದೆ. ಒಬ್ಬ ಹುಡುಗ ಹನ್ನೊಂದು ಹೆಸರು ಬರೆದು ತಂದ. ಕಾಗದ ಇದ್ದ ಎಷ್ಟೋ ಮನೆಗಳಲ್ಲಿ ಅಷ್ಟು ಸಿಕ್ಕಿರಲಿಲ್ಲ. ಹಿರಿಯರ ನೆನಪು ಕೂಡ ದಾಖಲೆಯೇ. ಅವರು ಇರುವಾಗಲೇ ಬರೆದುಕೊಳ್ಳಬೇಕು, ಅಷ್ಟೇ ವ್ಯತ್ಯಾಸ.

ಈಗ ಸಾವಿನ ಸುದ್ದಿ ಮೊಬೈಲಿನಲ್ಲಿ ಬರುತ್ತದೆ. ಟೆಲಿಗ್ರಾಂ 2013ರ ಜುಲೈಯಲ್ಲಿ ನಿಂತುಹೋಯಿತು. ಮೊಬೈಲಿಗೆ ಬಂದ ಫೋಟೋವನ್ನು ಜಾಗ ಸಾಲದೆಂದು ಮರುದಿನ ಅಳಿಸುತ್ತೇವೆ. ಹರಿಯುವ ಕ್ರಮ ಹೋಯಿತು, ಅಳಿಸುವ ಕ್ರಮ ಬಂತು.

ಅಶುಭದ ಕಾಗದವನ್ನು ಒಳಗೆ ಇಡಬಾರದು ಎಂಬ ಹಿರಿಯರ ಭಾವನೆಯನ್ನು ನಾನು ಹಗುರ ಮಾಡುವುದಿಲ್ಲ. ದುಃಖ ಮನೆಯಲ್ಲಿ ಉಳಿಯಬಾರದು ಎಂಬುದು ಅದರ ಅರ್ಥ ಇರಬಹುದು. ಹಾಗಾದರೆ ವರ್ಷಾಂತ ಕಳೆದ ಮೇಲೆ ಒಂದು ನಕಲು ತೆಗೆದು ಇಡಿ. ಅದೂ ಬೇಡವಾದರೆ ನೋಟುಪುಸ್ತಕದಲ್ಲಿ ಹೆಸರು, ದಿನ, ಮನೆ, ಹೆಣ್ಣುಮಕ್ಕಳನ್ನೂ ಸೇರಿಸಿ ಮಕ್ಕಳೆಲ್ಲರ ಹೆಸರು ಬರೆದಿಡಿ. ಇತ್ತೀಚಿನ ಸಾವಾದರೆ ಮನೆಯವರನ್ನು ಕೇಳದೆ ಯಾರಿಗೂ ತೋರಿಸಬೇಡಿ.

ಆ ಹುಡುಗಿ ತನ್ನ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಅಜ್ಜಿಯ ಅಮ್ಮನ ಹೆಸರನ್ನು ದೊಡ್ಡದಾಗಿ ಬರೆದಳು. ಅದರ ಕೆಳಗೆ ಅಜ್ಜಿಯ ಹೆಸರು, ಅದರ ಕೆಳಗೆ ಅಮ್ಮನ ಹೆಸರು, ಕೊನೆಗೆ ತನ್ನದು. ಮನೆಗೆ ಹೋಗಿ ಅಜ್ಜಿಗೆ ಓದಿ ಹೇಳಿದಳಂತೆ. ಅಜ್ಜಿ ಆ ಹೆಸರನ್ನು ಎರಡು ಸಲ ಹೇಳಿ ನೋಡಿ, "ಹೌದು, ಅಪ್ಪ ಹಾಗೆ ಕರೀತಿದ್ರು" ಎಂದರಂತೆ. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಆ ಮನೆಯ ಸೊತ್ತು.

ನಿಮ್ಮ ಅಟ್ಟದಲ್ಲೂ ಒಂದು ಪೆಟ್ಟಿಗೆ ಇದ್ದೀತು. ಒಲೆಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ.