‘ಮಾ’: ಒಂದು ಅಭಿಯಾನದ ಹೆಸರು

1990ರ ಆಗಸ್ಟ್ 1ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಅಂಗೀಕೃತವಾದ ಇನೊಸೆಂಟಿ ಘೋಷಣೆಯು ಸ್ತನ್ಯಪಾನದ ರಕ್ಷಣೆಯನ್ನು ಸರ್ಕಾರಗಳ ಹೊಣೆಯೆಂದು ಸಾರಿದ ಬಳಿಕ, ಭಾರತವು 1992ರಲ್ಲಿ ತಾಯಿಹಾಲಿಗೆ ಬದಲಿಯಾಗಿ ಮಾರುವ ಶಿಶು ಆಹಾರಗಳ ಜಾಹೀರಾತನ್ನು ನಿಷೇಧಿಸುವ ಕಾಯ್ದೆಯನ್ನು ತಂದಿತು. ಕಾಯ್ದೆಯು ಮಾರುಕಟ್ಟೆಯನ್ನು ಬಿಗಿಹಿಡಿಯಬಲ್ಲದೇ ಹೊರತು ಬಾಣಂತಿಗೆ ಬೆಂಬಲ ನೀಡಲಾರದು. ಆ ಬೆಂಬಲಕ್ಕೆಂದು ಕೇಂದ್ರ ಆರೋಗ್ಯ ಸಚಿವಾಲಯವು 2016ರ ಆಗಸ್ಟ್‌ನಲ್ಲಿ ‘ಮಾ’ ಕಾರ್ಯಕ್ರಮವನ್ನು ಆರಂಭಿಸಿತು. ‘ಮದರ್ಸ್ ಅಬ್ಸಲ್ಯೂಟ್ ಅಫೆಕ್ಷನ್’, ಅಂದರೆ ತಾಯಿಯ ಪರಿಪೂರ್ಣ ವಾತ್ಸಲ್ಯ, ಎಂಬ ಪದಗಳ ಮೊದಲಕ್ಷರಗಳಿಂದಾದ ಈ ಹೆಸರು ಹಿಂದಿಯಲ್ಲಿ ತಾಯಿಯನ್ನೇ ಸೂಚಿಸುವುದರಿಂದ ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ. ಆದರೆ ಹೆರಿಗೆಯಾದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳವರೆಗೆ ಎದೆಹಾಲು ಮಾತ್ರ, ಅನಂತರ ಅದರೊಂದಿಗೆ ಪೂರಕ ಆಹಾರ ಎಂಬ ಕ್ರಮವು ಆಸ್ಪತ್ರೆ, ಕುಟುಂಬ ಮತ್ತು ಉದ್ಯೋಗದಾತರ ನೆರವಿಲ್ಲದೆ ನಡೆಯದಿರುವಾಗ, ಹೊಣೆಯನ್ನೆಲ್ಲ ತಾಯಿಯ ವಾತ್ಸಲ್ಯದ ಮೇಲೆಯೇ ಇರಿಸಿರುವುದು ಆ ಹೆಸರಿನ ದೊಡ್ಡ ಲೋಪ.